ಒಂದಕ್ಕೆ ಮಾತ್ರ ಟಿಕ್ ಹಾಕಿ

ದೂರಿನ ಫಾರಂನ ಎರಡನೇ ಪುಟ, ಆರನೇ ಪ್ರಶ್ನೆ. 'ಯಾವ ಕಾರಣಕ್ಕೆ ನಿಮಗೆ ತಾರತಮ್ಯ ಆಗಿದೆ?' ಕೆಳಗೆ ಸಾಲಾಗಿ ಐದು ಚೌಕ. ಲಿಂಗ, ಅಂಗವೈಕಲ್ಯ, ವಯಸ್ಸು, ಆದಾಯ, ಇತರೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, 'ಒಂದಕ್ಕೆ ಮಾತ್ರ ಟಿಕ್ ಹಾಕಿ.'

ಉಳಿದ ಪ್ರಶ್ನೆಗಳಿಗೆಲ್ಲ ಅರ್ಧ ಗಂಟೆಯಲ್ಲಿ ಉತ್ತರ ಬರೆದಿದ್ದೆ. ಇದೊಂದರ ಮುಂದೆ ಎರಡು ದಿನ ಕೂತೆ. ಯಾವುದಕ್ಕೆ ಹಾಕಲಿ? ಲಿಂಗಕ್ಕೆ ಹಾಕಿದರೆ ಕಿವಿಯ ವಿಷಯ ಬಿಟ್ಟುಹೋಗುತ್ತದೆ. ಕಿವಿಗೆ ಹಾಕಿದರೆ ಡಾಕ್ಟರು ನನ್ನ ವಯಸ್ಸು ನೋಡಿ ಆಡಿದ ಮಾತು ಬಿಟ್ಟುಹೋಗುತ್ತದೆ. ಆದಾಯಕ್ಕೆ ಹಾಕಿದರೆ ಅವೆಲ್ಲವೂ ಹೋದವು. ಆಗಿದ್ದನ್ನು ಮೊದಲಿಂದ ಹೇಳುತ್ತೇನೆ, ಆಗ ಆ ಎರಡು ದಿನ ಯಾಕೆ ಬೇಕಾಯಿತು ಅಂತ ಗೊತ್ತಾಗುತ್ತದೆ.

ನನಗೆ 51 ವರ್ಷ. ಆರು ವರ್ಷದವಳಿದ್ದಾಗ ಮೆದುಳು ಜ್ವರ ಬಂದು ಎರಡೂ ಕಿವಿ ಹೋದವು. ಅಷ್ಟರಲ್ಲಿ ಮಾತು ಕಲಿತಿದ್ದೆ, ಹಾಗಾಗಿ ಮಾತಾಡುತ್ತೇನೆ. ಆದರೆ ನನ್ನ ದನಿ ನನಗೇ ಕೇಳುವುದಿಲ್ಲವಲ್ಲ, ಅದರ ಏರಿಳಿತ ಬೇರೆ ಥರ ಇರುತ್ತದಂತೆ. ಮೊದಲ ಸಲ ನನ್ನ ಮಾತು ಕೇಳಿದವರು ಮಗುವಿನ ಹತ್ತಿರ ಮಾತಾಡುವ ಹಾಗೆ ಮುಖ ಮಾಡುತ್ತಾರೆ. ಹೊಲಿಗೆ ನನ್ನ ಕೆಲಸ. ಪೀಸ್ ಲೆಕ್ಕದ ಕೂಲಿ. ಹೊಲಿಯದ ದಿನ ದುಡ್ಡಿಲ್ಲ.

ಎದುರಿನವರ ಮಾತನ್ನು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತೇನೆ. ಇದು ಅಂದುಕೊಂಡಷ್ಟು ಸುಲಭವಲ್ಲ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ಮಾತ್ರೆ ಅಂದರೂ ಪಾತ್ರೆ ಅಂದರೂ ನನಗೆ ಒಂದೇ. ಬಾವು ಅಂದರೂ ಮಾವು ಅಂದರೂ ಒಂದೇ. ಕ, ಗ ಬಾಯಿಯ ಹಿಂದೆಯೇ ಹುಟ್ಟಿ ಮುಗಿದುಹೋಗುತ್ತವೆ, ತುಟಿಯವರೆಗೆ ಬರುವುದೇ ಇಲ್ಲ. ಹಿಂದಿನ ಮುಂದಿನ ಮಾತು ಜೋಡಿಸಿಕೊಂಡು ಊಹಿಸಬೇಕು. ಆದರೆ ಒಂದು ವ್ಯತ್ಯಾಸ ಮಾತ್ರ ನನಗೆ ತಪ್ಪುವುದಿಲ್ಲ. 'ನೀವು' ಅನ್ನುವಾಗ ಕೆಳತುಟಿ ಮೇಲಿನ ಹಲ್ಲಿನ ಹತ್ತಿರ ಹೋಗುತ್ತದೆ. 'ನೀನು' ಅನ್ನುವಾಗ ಅದು ಹಾಗೆ ಮೇಲೇಳುವುದಿಲ್ಲ. ಯಾರು ನನ್ನನ್ನು ಹೇಗೆ ಕರೆದರು ಅನ್ನುವುದು ನನಗೆ ಕೇಳಿಸುವುದಿಲ್ಲ, ಕಣ್ಣಿಗೆ ಕಾಣುತ್ತದೆ.

ಮೆಟ್ಟಿಲು ಹತ್ತಿದರೆ ಏದುಸಿರು ಬರಲು ಶುರುವಾಯಿತು. ದವಡೆಯಲ್ಲಿ ನೋವು, ಬೆನ್ನಿನಲ್ಲಿ ಎರಡು ಭುಜದ ನಡುವೆ ಯಾರೋ ಒತ್ತಿ ಹಿಡಿದ ಹಾಗೆ. ವಾಕರಿಕೆ. ಒಂದು ವಾರ ನೋಡಿದೆ, ಕಡಿಮೆ ಆಗಲಿಲ್ಲ. ಕೂಲಿ ಬಿಟ್ಟು ಆಸ್ಪತ್ರೆಗೆ ಹೋದೆ, ಒಬ್ಬಳೇ.

ಕೌಂಟರಿನಲ್ಲಿ ಚೀಟಿ ಮಾಡಿಸುವಾಗಲೇ ಹೇಳಿದೆ, ನನಗೆ ಕಿವಿ ಕೇಳುವುದಿಲ್ಲ, ಕರೆದಾಗ ಕೈ ಸನ್ನೆ ಮಾಡಿ ಅಂತ. ಅಲ್ಲಿದ್ದವರು ತಲೆಯಾಡಿಸಿದರು. ಮೂರು ಗಂಟೆ ಕೂತೆ. ನನ್ನ ಹಿಂದೆ ಬಂದವರೆಲ್ಲ ಒಳಗೆ ಹೋಗಿ ಬಂದರು. ಎದ್ದು ಹೋಗಿ ಕೇಳಿದರೆ, ಕರೆದೆವು, ನೀನು ಬರಲಿಲ್ಲ ಅಂದರು. ನನ್ನ ಚೀಟಿ ಕಟ್ಟಿನ ಅಡಿಗೆ ಹೋಗಿತ್ತು. ಕೊನೆಗೆ ಒಳಗೆ ಹೋದರೆ ಡಾಕ್ಟರು ಮಾಸ್ಕ್ ಹಾಕಿಕೊಂಡಿದ್ದರು. ಸ್ವಲ್ಪ ಕೆಳಗಿಳಿಸಿ, ಇಲ್ಲವೇ ಬರೆದು ಕೇಳಿ ಅಂದೆ. ಅವರು ಬಾಗಿಲ ಹೊರಗಿನ ಸಾಲು ನೋಡಿದರು. ಚೀಟಿಯ ತುದಿಯಲ್ಲಿ 'ಗ್ಯಾಸ್?' ಅಂತ ಒಂದೇ ಪದ ಬರೆದು ನನ್ನ ಕಡೆ ತಿರುಗಿಸಿದರು. ದವಡೆ ನೋವು ಅಂದೆ. ಮಾತ್ರೆ ಬರೆದುಕೊಟ್ಟರು. ಎರಡು ನಿಮಿಷ ಆಗಿರಬಹುದು.

ಹತ್ತು ದಿನ ಬಿಟ್ಟು ಮತ್ತೆ ಹೋದೆ. ಈ ಸಲ ತಂಗಿಯನ್ನು ಕರೆದುಕೊಂಡು ಹೋದೆ, ಅವಳ ಕೂಲಿಯೂ ಹೋಯಿತು. ಹೆಸರು ಕರೆದಾಗ ಗೊತ್ತಾಯಿತು, ಅಷ್ಟು ಅನುಕೂಲ. ಆದರೆ ಒಳಗೆ ನಾನು ಇಲ್ಲದವಳಾದೆ. 'ಇವಳಿಗೆ ಎಷ್ಟು ದಿನದಿಂದ?' ಅಂತ ತಂಗಿಯನ್ನು ಕೇಳಿದರು. ನಾನು ಉತ್ತರ ಕೊಟ್ಟೆ. ಅವರು ಮತ್ತೆ ತಂಗಿಯ ಮುಖವನ್ನೇ ನೋಡಿದರು. ಪಾಪ, ಅವಳು ಗಾಬರಿಯಲ್ಲಿ 'ಎದೆ ಉರಿ ಅಂತಾಳೆ ಅಕ್ಕ' ಅಂದುಬಿಟ್ಟಳು. ನನಗೆ ಎದೆ ಉರಿ ಇರಲೇ ಇಲ್ಲ. ಮುಟ್ಟು ನಿಲ್ಲುವ ವಯಸ್ಸು, ಟೆನ್ಷನ್ ಜಾಸ್ತಿ, ಮನೆಯಲ್ಲಿ ಸಮಾಧಾನವಾಗಿ ನೋಡಿಕೊಳ್ಳಿ ಅಂತ ತಂಗಿಗೆ ಹೇಳಿ ಕಳಿಸಿದರು. ನನಗಿಂತ ಸ್ವಲ್ಪ ಮುಂಚೆ ಎದೆ ಹಿಡಿದುಕೊಂಡು ಬಂದ ಒಬ್ಬ ಗಂಡಸನ್ನು ಸಾಲು ಬಿಡಿಸಿ ನೇರವಾಗಿ ಇಸಿಜಿ ಕೋಣೆಗೆ ಕರೆದೊಯ್ದಿದ್ದರು. ಹಾಗೆಯೇ ಮಾಡಬೇಕು. ಅದರಲ್ಲಿ ನನಗೆ ಬೇಸರವಿಲ್ಲ.

ಮೂರನೇ ಸಲ ಹೋಗಿದ್ದು ರಾತ್ರಿ. ಮೈಯೆಲ್ಲ ಬೆವರಿ ಒದ್ದೆಯಾಗಿತ್ತು. ತುರ್ತು ವಿಭಾಗದಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ನರ್ಸ್ ಇದ್ದಳು. ಮಾಸ್ಕ್ ಕೆಳಗಿಳಿಸಿ, ನನ್ನ ಎದುರಿಗೆ ಬಂದು ಬಗ್ಗಿ, 'ನೀವು ಎಲ್ಲಿ ನೋವು ಅಂತ ತೋರಿಸಿ' ಅಂದಳು. ಆ ಕೆಳತುಟಿ ಮೇಲೆ ಹೋಗಿದ್ದು ನನಗೆ ಈಗಲೂ ನೆನಪಿದೆ. ಇಸಿಜಿ ತೆಗೆದಳು. ಅದರಲ್ಲಿ ಸ್ಪಷ್ಟವಾಗಿ ಏನೂ ಕಾಣಲಿಲ್ಲ. ಅಷ್ಟಕ್ಕೆ ಬಿಡದೆ ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ತೆಗೆದಳು, ಡ್ಯೂಟಿ ಡಾಕ್ಟರನ್ನು ಕರೆದು ತೋರಿಸಿದಳು. ಹೃದಯಕ್ಕೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ಎಷ್ಟಿದೆ ಅಂತ ನೋಡಿದರು. ಹೃದಯಾಘಾತ ಆಗಿತ್ತು. ಆಂಜಿಯೋಗ್ರಾಂ ಮಾಡಿ ಒಂದು ಸ್ಟೆಂಟ್ ಹಾಕಿದರು.

ಹೃದಯದ ತೊಂದರೆ ಇರಬಹುದು ಅನ್ನಿಸಿದ ರೋಗಿಗೆ ಬಂದ 10 ನಿಮಿಷದೊಳಗೆ ಇಸಿಜಿ ತೆಗೆಯಬೇಕು ಅಂತ ವೈದ್ಯಕೀಯ ನಿಯಮಗಳೇ ಹೇಳುತ್ತವೆ. ಇದು ಆಮೇಲೆ ಓದಿ ತಿಳಿದದ್ದು. ಎದೆನೋವು ಗಂಡಸರಿಗೂ ಹೆಂಗಸರಿಗೂ ಮುಖ್ಯ ಲಕ್ಷಣವೇ. ಆದರೆ ಏದುಸಿರು, ವಾಕರಿಕೆ, ದವಡೆ ಮತ್ತು ಬೆನ್ನು ನೋವು ಹೆಂಗಸರಲ್ಲಿ ಜಾಸ್ತಿ ಕಾಣುತ್ತವೆ. ಅವನ್ನೆಲ್ಲ ಹೃದಯದ ಲೆಕ್ಕಕ್ಕೆ ಸೇರಿಸುವ ರೂಢಿ ತಡವಾಗಿ ಬಂತು, ಯಾಕೆಂದರೆ ಸಂಶೋಧನೆ ನಡೆದದ್ದೇ ಹೆಚ್ಚಾಗಿ ಗಂಡಸರ ಮೇಲೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1977 ರಲ್ಲಿ, ಮಕ್ಕಳಾಗುವ ವಯಸ್ಸಿನ ಹೆಂಗಸರನ್ನು ಔಷಧಗಳ ಮೊದಲ ಹಂತದ ಪರೀಕ್ಷೆಗಳಿಂದ ಹೊರಗಿಡಿ ಅಂತ ಸೂಚಿಸಿತ್ತು. ಅದನ್ನು ಬದಲಿಸಿದ್ದು 1993 ರಲ್ಲಿ.

ಚೇತರಿಸಿಕೊಂಡ ಮೇಲೆ ನನ್ನ ಕೇಸ್ ಶೀಟಿನ ನಕಲು ಬೇಕು ಅಂತ ಅರ್ಜಿ ಹಾಕಿದೆ. ನಕಲು ಕೈಗೆ ಬರಲು ಮೂರು ವಾರ ಹಿಡಿಯಿತು, ನಾಲ್ಕು ಸಲ ಓಡಾಡಿದೆ. ಮನೆಗೆ ತಂದು ಹೊಲಿಗೆ ಮಿಷನ್ನಿನ ಮೇಲೆ ಹರಡಿಕೊಂಡು ತಂಗಿಯ ಮಗನ ಹತ್ತಿರ ಓದಿಸಿದೆ. ಅವನು ಒಂದೊಂದೇ ಸಾಲು ಕನ್ನಡದಲ್ಲಿ ಬರೆದುಕೊಟ್ಟ.

ಮೊದಲ ದಿನದ್ದು: 'ಕರೆದರೂ ಬರಲಿಲ್ಲ. ಸಹಕರಿಸುತ್ತಿಲ್ಲ.' ಕಿವಿ ಕೇಳುವುದಿಲ್ಲ ಅನ್ನುವ ಮಾತು ಎಲ್ಲೂ ಇಲ್ಲ. ಎರಡನೇ ದಿನದ್ದು: 'ಹಿಂದೆಯೂ ಸಹಕರಿಸಿಲ್ಲ. ಆತಂಕದ ಸ್ವಭಾವ.' ಮೂರನೇ ಸಲದ ಚೀಟಿಯ ತಲೆಯಲ್ಲಿ: 'ಆತಂಕದ ರೋಗಿ.' ನೋಡಿ, ಹೇಗೆ ಬೆಳೆದಿದೆ. ಮೊದಲು ಕರೆದರೆ ಬರದವಳು, ಆಮೇಲೆ ಆತಂಕದ ಸ್ವಭಾವದವಳು, ಕೊನೆಗೆ ಅದೇ ಒಂದು ಕಾಯಿಲೆ. ಹಿಂದಿನವರು ಬರೆದದ್ದನ್ನು ಮುಂದಿನವರು ನಕಲು ಮಾಡಿದ್ದಾರೆ, ಅಷ್ಟೇ. ಯಾರೂ ಬೇಕಂತ ಸುಳ್ಳು ಬರೆದಿಲ್ಲ. ನಿಜವಾಗಿಯೂ ಅವರು ಕರೆದಿದ್ದರು, ನಾನು ಬಂದಿರಲಿಲ್ಲ.

ಅವನು ಆ ಸಾಲು ಬರೆದು ಪೆನ್ನು ಕೆಳಗಿಟ್ಟ. ನನ್ನ ಮುಖ ನೋಡಲು ಅವನಿಗೆ ಆಗಲಿಲ್ಲ. ಸ್ಟೆಂಟ್ ಹಾಕಿದಾಗಲೂ ಅಳದ ನಾನು ಆವತ್ತು ಅತ್ತೆ.

ಇಂಥ ಒಂದೆರಡು ಪದ ಏನು ಮಾಡಬಹುದು ಅನ್ನುವುದಕ್ಕೆ 2018 ರ ಒಂದು ಅಧ್ಯಯನ ಇದೆ. ಅಮೆರಿಕದ ವೈದ್ಯ ವಿದ್ಯಾರ್ಥಿಗಳಿಗೆ, ತರಬೇತಿಯಲ್ಲಿದ್ದ ವೈದ್ಯರಿಗೆ ಒಬ್ಬನೇ ರೋಗಿಯ ಬಗ್ಗೆ ಎರಡು ಥರ ಬರೆದ ಟಿಪ್ಪಣಿ ಕೊಟ್ಟರು. ಕಾಯಿಲೆಯ ವಿವರ ಒಂದೇ. ಒಂದರಲ್ಲಿ ಸಾಧಾರಣ ಮಾತು, ಇನ್ನೊಂದರಲ್ಲಿ ರೋಗಿಯನ್ನು ಅನುಮಾನಿಸುವ ಮಾತು. ಅನುಮಾನದ ಟಿಪ್ಪಣಿ ಓದಿದವರಿಗೆ ಆ ರೋಗಿಯ ಮೇಲೆ ಬೇಸರ ಹುಟ್ಟಿತು, ನೋವಿಗೆ ಕೊಡುವ ಔಷಧದಲ್ಲೂ ಕೈ ಬಿಗಿಯಾಯಿತು.

ಆಗ ದೂರು ಕೊಡುವುದು ಅಂತ ತೀರ್ಮಾನ ಮಾಡಿದೆ. ಹಾಗೆ ಕೈಗೆ ಬಂದದ್ದು ಈ ಫಾರಂ, ಈ ಆರನೇ ಪ್ರಶ್ನೆ.

ಕಾನೂನು ನೆರವು ಕೊಡುವ ಒಬ್ಬ ಹೆಣ್ಣುಮಗಳ ಹತ್ತಿರ ಹೋಗಿ ಫಾರಂ ತೋರಿಸಿದೆ. ಅವರು ನಕ್ಕು ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಕಾಗದ ತೆಗೆದುಕೊಂಡು ಒಂದು ಹಳೆಯ ಮೊಕದ್ದಮೆ ಬರೆದು ತೋರಿಸಿದರು. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಮೇಲೆ ಐದು ಜನ ಕಪ್ಪು ಹೆಂಗಸರು ಹಾಕಿದ್ದು. 1964 ಕ್ಕಿಂತ ಮುಂಚೆ ಆ ಕಂಪನಿ ಕಪ್ಪು ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಂಡಿರಲಿಲ್ಲ. ಹಾಗಾಗಿ ಕೆಲಸದಿಂದ ತೆಗೆಯುವ ಕಾಲ ಬಂದು, ಕೊನೆಗೆ ಸೇರಿದವರು ಮೊದಲು ಹೋಗಬೇಕು ಅಂದಾಗ, ಹೋದವರು ಇವರೇ. 1976 ರಲ್ಲಿ ನ್ಯಾಯಾಲಯ ಏನಂದಿತು ಗೊತ್ತಾ? ಕಂಪನಿ ಹೆಂಗಸರನ್ನು ಮೊದಲಿಂದಲೂ ತೆಗೆದುಕೊಂಡಿದೆ, ಆದ್ದರಿಂದ ಹೆಂಗಸರ ಮೇಲೆ ತಾರತಮ್ಯ ಇಲ್ಲ. ಬಣ್ಣದ ದೂರು ಇದ್ದರೆ ಅದನ್ನು ಬೇರೆಯಾಗಿ ನೋಡೋಣ. ಎರಡನ್ನೂ ಸೇರಿಸಿ ಕೇಳುವ ಹಾಗಿಲ್ಲ. ಮೊದಲಿಂದ ಕೆಲಸ ಸಿಕ್ಕಿದ್ದು ಬಿಳಿಯ ಹೆಂಗಸರಿಗೆ ಅನ್ನುವುದು ಆ ಲೆಕ್ಕದಲ್ಲಿ ಮರೆಯಾಗಿಬಿಟ್ಟಿತು.

ಇದನ್ನು ಎತ್ತಿಕೊಂಡು ಕಿಂಬರ್ಲಿ ಕ್ರೆನ್‌ಶಾ ಎಂಬ ಕಾನೂನು ಪ್ರಾಧ್ಯಾಪಕಿ 1989 ರಲ್ಲಿ ಒಂದು ಲೇಖನ ಬರೆದರು. ಇಂಟರ್‌ಸೆಕ್ಷನಾಲಿಟಿ, ಅಂದರೆ ಹಲವು ತಾರತಮ್ಯಗಳು ಒಬ್ಬರ ಮೇಲೇ ಬಂದು ಕೂಡುವುದು, ಅನ್ನುವ ಪದ ಬಂದದ್ದು ಅಲ್ಲಿಂದ. ರಸ್ತೆಗಳು ಕೂಡುವ ಕಡೆ ನಿಂತವರಿಗೆ ಯಾವ ಕಡೆಯಿಂದ ಬಂದ ಗಾಡಿಯಾದರೂ ಗುದ್ದಬಹುದು, ಕೆಲವು ಸಲ ಎಲ್ಲ ಕಡೆಯಿಂದಲೂ ಗುದ್ದಬಹುದು, ಆಮೇಲೆ ಯಾವ ಗಾಡಿ ಅಂತ ಬಿಡಿಸಿ ಹೇಳಲು ಆಗುವುದಿಲ್ಲ ಅಂತ ಅವರು ವಿವರಿಸಿದ್ದರು.

ನನಗೆ ಕೂಡುರಸ್ತೆಗಿಂತ ಕಂಕುಳು ಚೆನ್ನಾಗಿ ಅರ್ಥವಾಗುತ್ತದೆ. ರವಿಕೆ, ಅಂಗಿ ಯಾವುದೇ ಆಗಲಿ, ಕಂಕುಳಲ್ಲಿ ಪಕ್ಕದ ಹೊಲಿಗೆ, ತೋಳಿನ ಹೊಲಿಗೆ ಎಲ್ಲ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಬಟ್ಟೆ ಮೊದಲು ಬಿಡುವುದು ಅಲ್ಲೇ. ಕೈ ಎತ್ತಿದಾಗೆಲ್ಲ ಎಳೆತ ಬೀಳುವುದು ಅಲ್ಲೇ. ಒಂದೊಂದು ಹೊಲಿಗೆಯನ್ನೂ ಬೇರೆಬೇರೆಯಾಗಿ ಎಳೆದು ನೋಡಿದರೆ ಎಲ್ಲವೂ ಗಟ್ಟಿ. ಕೂಡುವ ಜಾಗ ಹಿಡಿದು ನೋಡದ ಚೆಕಿಂಗ್ ಚೆಕಿಂಗೇ ಅಲ್ಲ.

ಅದೇ ಹೆಣ್ಣುಮಗಳು ಇನ್ನೊಂದು ಅಧ್ಯಯನ ಓದಲು ಕೊಟ್ಟರು. ನನ್ನದೇ ಕಾಯಿಲೆಯ ಮೇಲೆ ನಡೆದದ್ದು. ಅದನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. 1999 ರಲ್ಲಿ ಪ್ರಕಟವಾದದ್ದು. ಅಮೆರಿಕದಲ್ಲಿ 720 ವೈದ್ಯರಿಗೆ ಎದೆನೋವಿನ ರೋಗಿಗಳ ವಿಡಿಯೋ ತೋರಿಸಿದರು. ರೋಗಿಗಳೆಲ್ಲ ನಟರು. ಎಲ್ಲರಿಗೂ ಒಂದೇ ಥರದ ಆಸ್ಪತ್ರೆ ಗೌನು. ಲಕ್ಷಣ ಹೇಳುವ ಮಾತೂ ಒಂದೇ. ಇವರಿಗೆ ಹೃದಯದ ನಾಳಕ್ಕೆ ನಳಿಗೆ ಹಾಕಿ ಪರೀಕ್ಷೆ ಮಾಡಿಸುತ್ತೀರಾ ಅಂತ ವೈದ್ಯರನ್ನು ಕೇಳಿದರು. ಗಂಡಸು, ಹೆಂಗಸು ಅಂತ ಲೆಕ್ಕ ಹಾಕಿದರೆ ಗಂಡಸರಿಗೆ ಶೇ. 90.6, ಹೆಂಗಸರಿಗೆ ಶೇ. 84.7. ಬಿಳಿಯರು, ಕಪ್ಪು ಜನ ಅಂತ ಲೆಕ್ಕ ಹಾಕಿದರೂ ಅದೇ, ಶೇ. 90.6 ಮತ್ತು ಶೇ. 84.7. ಹೆಂಗಸರಿಗೂ ಕಪ್ಪು ಜನರಿಗೂ ಕಡಿಮೆ ಸಿಗುತ್ತದೆ ಅಂತ ಸುದ್ದಿಯಾಯಿತು.

ಅದೇ ವರ್ಷ ಬೇರೆ ಸಂಶೋಧಕರು ಆ ಅಂಕಿಗಳನ್ನೇ ಹಿಡಿದು ತಿದ್ದಿದರು. ನಾಲ್ಕು ಗುಂಪು ಮಾಡಿ ನೋಡಿ ಅಂದರು. ಬಿಳಿಯ ಗಂಡಸರು ಶೇ. 90.6. ಕಪ್ಪು ಗಂಡಸರು ಶೇ. 90.6. ಬಿಳಿಯ ಹೆಂಗಸರು ಶೇ. 90.6. ಕಪ್ಪು ಹೆಂಗಸರು ಶೇ. 78.8. ಅಂದರೆ ಆ ಪರೀಕ್ಷೆಯಲ್ಲಿ ಹೆಂಗಸರೆಲ್ಲರಿಗೂ ಸ್ವಲ್ಪ ಸ್ವಲ್ಪ ಕಡಿಮೆ ಆಗಿರಲಿಲ್ಲ. ಕಪ್ಪು ಜನರೆಲ್ಲರಿಗೂ ಆಗಿರಲಿಲ್ಲ. ಪೂರ್ತಿ ಕೊರತೆ ಬಿದ್ದದ್ದು ಎರಡೂ ಆದವರ ಮೇಲೆ. ಅವರ ಕೊರತೆಯನ್ನು ಸರಾಸರಿಯಲ್ಲಿ ಹಂಚಿದಾಗ ಅದು ಸಣ್ಣದಾಗಿ ಕಂಡಿತ್ತು. ಒಂದೇ ಚೌಕಕ್ಕೆ ಟಿಕ್ ಹಾಕಿಸಿಕೊಂಡ ಫಾರಂಗಳನ್ನು ವರ್ಷದ ಕೊನೆಗೆ ಎಣಿಸಿದರೂ ಹೀಗೇ ಆಗುತ್ತದೆ, ಅಲ್ವಾ?

ನಾನು ನಾಲ್ಕು ಚೌಕಕ್ಕೂ ಟಿಕ್ ಹಾಕಿದೆ. ಫಾರಂ ವಾಪಸ್ ಬಂತು, 'ಅಪೂರ್ಣ' ಅಂತ ಬರೆದಿದ್ದರು. ಎರಡನೇ ಸಲ 'ಇತರೆ' ಗೆ ಟಿಕ್ ಹಾಕಿ, ಪಕ್ಕದ ಗೆರೆಯಲ್ಲಿ 'ಮೇಲಿನ ನಾಲ್ಕೂ' ಅಂತ ಬರೆದೆ. ಅದನ್ನು ತೆಗೆದುಕೊಂಡರು.

ಸಮಿತಿಯ ಮುಂದೆ ಕರೆದರು. ಐದು ಜನ, ಉದ್ದ ಮೇಜಿನ ಆ ಕಡೆ. ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರು ಶುರು ಮಾಡುತ್ತಿದ್ದರು. ಯಾರ ತುಟಿ ನೋಡಲಿ? ಹತ್ತು ನಿಮಿಷಕ್ಕೆ ಎದ್ದು ನಿಂತು ಹೇಳಿದೆ, ನನಗೆ ಏನೂ ತಿಳಿಯುತ್ತಿಲ್ಲ, ಎಲ್ಲರ ಮಾತನ್ನೂ ಟೈಪ್ ಮಾಡಿ ತೋರಿಸುವವರು ಬೇಕು. ಸಭೆಯನ್ನು ಇನ್ನೊಂದು ದಿನಕ್ಕೆ ಮುಂದೂಡಿದರು. ಮತ್ತೊಂದು ದಿನದ ಕೂಲಿ. ಆದರೆ ಮುಂದಿನ ಸಲ ಒಬ್ಬ ಗುಮಾಸ್ತರು ಲ್ಯಾಪ್‌ಟಾಪ್ ಇಟ್ಟುಕೊಂಡು ನನ್ನ ಪಕ್ಕ ಕೂತರು. ಒಂದು ಕೋಣೆಯಲ್ಲಿ ಆಡಿದ ಮಾತೆಲ್ಲವೂ ನನಗೆ ಸಿಕ್ಕಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

ಮಹಿಳಾ ದೂರುಗಳನ್ನು ನೋಡುವವರು ಹೇಳಿದರು, ನಮ್ಮಲ್ಲಿ ಹೆಂಗಸರೂ ಗಂಡಸರೂ ಕಾಯುವ ಸರಾಸರಿ ಹೊತ್ತು ಒಂದೇ. ಅಂಗವಿಕಲರ ವಿಷಯ ನೋಡುವವರು ಹೇಳಿದರು, ರ‍್ಯಾಂಪ್ ಇದೆ, ಲಿಫ್ಟ್ ಇದೆ, ಗಾಲಿಕುರ್ಚಿ ಇದೆ. ಲೆಕ್ಕಪತ್ರದವರು ಹೇಳಿದರು, ಇವರ ಚಿಕಿತ್ಸೆಗೆ ಒಂದು ಪೈಸೆ ತೆಗೆದುಕೊಂಡಿಲ್ಲ. ಮೂವರೂ ನಿಜವನ್ನೇ ಹೇಳಿದರು. ಪರದೆಯ ಮೇಲೆ ಆ ಮೂರು ಮಾತು ಒಂದರ ಕೆಳಗೊಂದು ಬಂದಾಗ ನನಗೆ ಆ 1976 ರ ನ್ಯಾಯಾಲಯ ಕಣ್ಣ ಮುಂದೆ ಬಂತು.

ನಾನು ಒಂದು ಹಳೆಯ ರವಿಕೆ ಕೊಂಡು ಹೋಗಿದ್ದೆ. ಕಂಕುಳಲ್ಲಿ ಹರಿದದ್ದು. ಮೇಜಿನ ಮೇಲೆ ಇಟ್ಟು ಹೇಳಿದೆ. ನೀವು ಮೂವರೂ ಒಂದೊಂದು ಹೊಲಿಗೆ ಎಳೆದು ನೋಡಿದ್ದೀರಿ, ಗಟ್ಟಿಯಾಗಿದೆ ಅಂತೀರಿ. ಹರಿದಿರುವುದು ಇಲ್ಲಿ. ಕಿವಿ ಕೇಳುವ ಹೆಂಗಸಾಗಿದ್ದರೆ ಟೆನ್ಷನ್ ಅಂದಾಗ ಅಲ್ಲೇ ವಾದ ಮಾಡುತ್ತಿದ್ದೆ. ಕಿವಿ ಕೇಳದ ಗಂಡಸಾಗಿ ಎದೆ ಹಿಡಿದುಕೊಂಡು ನಿಂತಿದ್ದರೆ, ಮಾತೇ ಬೇಕಿರಲಿಲ್ಲ, ಇಸಿಜಿ ಕೋಣೆಗೆ ಕರೆದೊಯ್ಯುತ್ತಿದ್ದಿರಿ. ಕೈಯಲ್ಲಿ ದುಡ್ಡಿದ್ದಿದ್ದರೆ ಮೊದಲ ದಿನವೇ ಹೊರಗೆ ಹೋಗಿ ಇನ್ನೊಬ್ಬ ಡಾಕ್ಟರಿಗೆ ತೋರಿಸುತ್ತಿದ್ದೆ. ಇನ್ನೂ ಚಿಕ್ಕ ವಯಸ್ಸಿದ್ದಿದ್ದರೆ ಮುಟ್ಟಿನ ಮಾತು ಬರುತ್ತಿರಲಿಲ್ಲ. ನಾನು ಈ ನಾಲ್ಕೂ ಒಟ್ಟಿಗೆ.

ಸ್ವಲ್ಪ ಹೊತ್ತು ಪರದೆಯ ಮೇಲೆ ಏನೂ ಬರಲಿಲ್ಲ. ಆಮೇಲೆ ಅಧ್ಯಕ್ಷರ ಮಾತು ಬಂತು: 'ನಿಮ್ಮ ಕೇಸ್ ಶೀಟಿನ ಆ ಸಾಲನ್ನು ಮತ್ತೊಮ್ಮೆ ಓದಿ.' ಓದಿದೆ. ಮೊದಲ ದಿನ ನೋಡಿದ ಡಾಕ್ಟರು ಅಲ್ಲೇ ಕೂತಿದ್ದರು. ಆವತ್ತು ಬೆಳಿಗ್ಗೆಯಿಂದ ಏಳದೆ ರೋಗಿಗಳನ್ನು ನೋಡುತ್ತಿದ್ದೆ, ನಿಮ್ಮ ಚೀಟಿಯಲ್ಲಿ ಕಿವಿಯ ವಿಷಯ ಇರಲಿಲ್ಲ, ಸಿಟ್ಟಿನವರು ಅಂತಷ್ಟೇ ಅಂದುಕೊಂಡೆ, ಕ್ಷಮಿಸಿ ಅಂದರು. ಅವರನ್ನು ಕೆಟ್ಟವರು ಅನ್ನಲು ನನಗೆ ಮನಸ್ಸಿಲ್ಲ. ಅಷ್ಟು ಉದ್ದದ ಸಾಲು, ಒಬ್ಬರಿಗೆ ಎರಡೇ ನಿಮಿಷ. ಅಂಥ ಹೊತ್ತಿನಲ್ಲಿ ಮನುಷ್ಯರು ಎದುರಿನವರನ್ನು ನೋಡುವುದಿಲ್ಲ, ಇಂಥವರು ಹೀಗೇ ಅಂತ ಮೊದಲೇ ತಲೆಯಲ್ಲಿ ಇರುವುದನ್ನು ನೋಡುತ್ತಾರೆ. ಹೊತ್ತು ಕಡಿಮೆಯಾದಷ್ಟೂ ಅದು ಜಾಸ್ತಿ. ಆದರೆ ಆ ಎರಡು ನಿಮಿಷಕ್ಕೆ ನಾನು ತೆತ್ತ ಬೆಲೆ ನನ್ನ ಹೃದಯದ ಒಂದು ಭಾಗ. ಆ ಮಾಂಸಖಂಡ ಮತ್ತೆ ಬೆಳೆಯುವುದಿಲ್ಲ.

ಎರಡು ತಿಂಗಳಿಗೆ ಲಿಖಿತ ಉತ್ತರ ಬಂತು. ಕಾಯುವ ಹಾಲಿನಲ್ಲಿ ನಂಬರ್ ತೋರಿಸುವ ಪರದೆ ಹಾಕುತ್ತಾರೆ. ಅದು ಆಗಿದೆ, ನಾನೇ ನೋಡಿದೆ. ಕಿವಿ ಕೇಳದವರ ಚೀಟಿಗೆ ಗುರುತು ಹಾಕುತ್ತಾರೆ. ಕೆಲವು ಕೌಂಟರಿನಲ್ಲಿ ಹಾಕುತ್ತಾರೆ, ಕೆಲವು ಕಡೆ ಇಲ್ಲ. ಕೇಸ್ ಶೀಟಿನ ಹಳೆಯ ಸಾಲು ಅಳಿಸಲು ಬರುವುದಿಲ್ಲವಂತೆ, ಅದು ದಾಖಲೆ. ಅದರ ಕೆಳಗೆ ತಿದ್ದುಪಡಿ ಸೇರಿಸಿದ್ದಾರೆ: 'ಇವರಿಗೆ ಕಿವಿ ಕೇಳುವುದಿಲ್ಲ. ಕರೆದದ್ದು ಇವರಿಗೆ ತಿಳಿದಿರಲಿಲ್ಲ.' ಫಾರಂ ಬದಲಿಸುವುದು ಮಾತ್ರ ಸಮಿತಿಯ ಕೈಯಲ್ಲಿ ಇಲ್ಲ, ಮೇಲಿನವರಿಗೆ ಬರೆಯಿರಿ ಅಂದಿದ್ದಾರೆ.

ಕಳೆದ ವಾರ ಬರೆದೆ. ವಿಶ್ವಸಂಸ್ಥೆಯ 2006 ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ ಆರನೇ ವಿಧಿಯಲ್ಲಿ, ಅಂಗವಿಕಲ ಹೆಂಗಸರ ಮೇಲೆ ಹಲವು ಬಗೆಯ ತಾರತಮ್ಯ ನಡೆಯುತ್ತದೆ ಅಂತ ದೇಶಗಳು ಒಪ್ಪಿಕೊಂಡಿವೆ. 25 ನೇ ವಿಧಿ ಆರೋಗ್ಯದ್ದು. ಎರಡನ್ನೂ ಅರ್ಜಿಯಲ್ಲಿ ಹಾಕಿದೆ. 'ಒಂದಕ್ಕೆ ಮಾತ್ರ' ಎಂಬುದನ್ನು ತೆಗೆದು 'ಅನ್ವಯಿಸುವ ಎಲ್ಲದಕ್ಕೂ' ಎಂದು ಹಾಕಿ, ವರ್ಷದ ಲೆಕ್ಕದಲ್ಲಿ ಒಂದಕ್ಕಿಂತ ಹೆಚ್ಚು ಟಿಕ್ ಇರುವ ದೂರುಗಳನ್ನು ಬೇರೆಯಾಗಿ ಎಣಿಸಿ ಅಂತ ಕೇಳಿದ್ದೇನೆ. ಜೊತೆಗೆ ಅದೇ ಹಳೆಯ ಫಾರಂ ಲಗತ್ತಿಸಬೇಕಿತ್ತು. ನಾಲ್ಕಕ್ಕೂ ಟಿಕ್ ಹಾಕಿದೆ. ಕಿಟಕಿಯ ಒಳಗಿದ್ದವರು ಆ ಪುಟ ನೋಡಿ ತಲೆ ಎತ್ತಿದರು. 'ನೀವು ಒಂದಕ್ಕೆ ಮಾತ್ರ ಹಾಕಬೇಕು' ಅಂದರು. ನಾನು ಅರ್ಜಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟೆ. ಅವರು ನಿಂತುಕೊಂಡೇ ಪೂರ್ತಿ ಓದಿದರು. ಆಮೇಲೆ ಸೀಲು ಹಾಕಿ, ಒಂದು ಪ್ರತಿ ನನಗೆ ಕೊಟ್ಟರು.